ನಾನೂರ ಐವತ್ತು ನಿಮಿಷದ ನಿದ್ದೆ

ಗಣಿತದ ಪರೀಕ್ಷೆಯಲ್ಲಿ ನಿದ್ದೆ ಹೋಗುವವರನ್ನು ಹಂಪೇಶ ಮೇಷ್ಟ್ರು ಬೇಕಾದಷ್ಟು ಕಂಡಿದ್ದರು. ಏನೂ ಓದದೆ ಬಂದು, ಹೆಸರು ನಂಬರು ಬರೆದು, ಕಿಟಕಿಯ ಗಾಳಿಗೆ ಹಾಯಾಗಿ ಗೊರಕೆ ಹೊಡೆಯುವ ಮಹಾನುಭಾವರು ವರ್ಷಕ್ಕೆ ಇಬ್ಬರಾದರೂ ಇರುತ್ತಾರೆ. ಅಂಥವರನ್ನು ಎಬ್ಬಿಸಲು ಅವರು ಹೋಗುತ್ತಲೂ ಇರಲಿಲ್ಲ. ಎಬ್ಬಿಸಿ ಬರೆಸುವುದಾದರೂ ಏನನ್ನು? ಆದರೆ ಎರಡು ಸಾವಿರದ ಒಂದನೇ ಇಸವಿಯ ಆ ಅಕ್ಟೋಬರಿನಲ್ಲಿ ಉತ್ತರ ಪತ್ರಿಕೆಯ ಮೇಲೆ ಕೆನ್ನೆಯಿಟ್ಟು ಮಲಗಿದ್ದವಳು ದುರ್ಗಾ. ಇಟ್ಟಿಗಿ ಹಳ್ಳಿಯ ದ್ಯಾಮಕ್ಕನ ಮಗಳು, ಇಡೀ ಹತ್ತನೇ ಕ್ಲಾಸಿಗೆ ಮೊದಲನೆಯವಳು. ಮೂರು ಲೆಕ್ಕಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬಿಡಿಸಿದ್ದಳು. ನಾಲ್ಕನೆಯದರ ನಡುವೆ ಪೆನ್ನು ಜಾರಿ, ನೀಲಿ ಗೀಟೊಂದು ಹಾಳೆಯ ಕೊನೆಯವರೆಗೂ ಇಳಿದುಹೋಗಿತ್ತು.

"ಮೇಷ್ಟ್ರೇ, ನಿಮ್ಮ ಒಂದನೇ ನಂಬರಿನ ಹುಡುಗಿ ಬೋರ್ಡ್ ಪರೀಕ್ಷಿಯಾಗ ಹಿಂಗ ಮಕ್ಕೊಂಡ್ರ ನನ್ನ ಗತಿ ಏನ್ರಿ?" ಎಂದು ಹೆಡ್‌ಮಾಸ್ಟರ್ ಗಂಗಾಧರಪ್ಪ ಸಂಜೆ ಕೇಳಿದರು. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಮೂರು ವರ್ಷದ ರಿಜಲ್ಟನ್ನು ಪೇಂಟಿನಲ್ಲಿ ಬರೆಸಿತ್ತು. ನೂರು, ನೂರು, ನೂರು. ಆ ನೂರು ಹೇಗೆ ಬರುತ್ತಿತ್ತೆಂಬುದು ಹಗರಿಬೊಮ್ಮನಹಳ್ಳಿಗೆಲ್ಲ ಗೊತ್ತಿದ್ದ ಗುಟ್ಟು. ಪಾಸಾಗುವ ಭರವಸೆ ಇಲ್ಲದವರ ಅರ್ಜಿಯನ್ನೇ ಶಾಲೆ ಬೋರ್ಡಿಗೆ ಕಳಿಸುತ್ತಿರಲಿಲ್ಲ. 'ಇನ್ನೊಂದು ವರ್ಷ ಗಟ್ಟಿ ಆಗ್ಲಿ ಬಿಡ್ರಿ' ಎಂದು ತಂದೆತಾಯಿಗೆ ಬೆಣ್ಣೆ ಹಚ್ಚಿ, ಮಕ್ಕಳನ್ನು ಮನೆಗೆ ಅಟ್ಟುತ್ತಿತ್ತು. ಗಂಡುಹುಡುಗರು ಮರುವರ್ಷ ತಿರುಗಿ ಬರುತ್ತಿದ್ದರು. ಹೆಣ್ಣುಮಕ್ಕಳು ಹೋದವರು ಹೋದರು, ಅಷ್ಟೆ. ಒಬ್ಬಳಾದರೂ ತಿರುಗಿ ಬಂದದ್ದನ್ನು ಹಂಪೇಶ ಮೇಷ್ಟ್ರು ಹನ್ನೊಂದು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಅರ್ಜಿ ಕಳಿಸೋಕ ಡಿಸೆಂಬರ್ ಹದಿನಾಲ್ಕು ಕಡೇ ದಿನ," ಅಂದರು ಗಂಗಾಧರಪ್ಪ. "ಅಷ್ಟರಾಗ ಆಕಿ ಕ್ಲಾಸಿನ್ಯಾಗ ಕಣ್ಣು ಬಿಟ್ಕೊಂಡು ಕುಂದ್ರಂಗಾದ್ರ ಅರ್ಜಿ ಹೋಗ್ತೈತಿ. ಇಲ್ಲಾಂದ್ರ ಆಕಿ ಇಟ್ಟಿಗಿಗೆ ಹೋಗ್ತಾಳ."

"ಸರಿ ಮಾಡ್ತೀನ್ರಿ ಸಾರ್. ಅದು ನನ್ನ ಜವಾಬ್ದಾರಿ," ಅಂದುಬಿಟ್ಟರು ಹಂಪೇಶ ಮೇಷ್ಟ್ರು. ಜವಾಬ್ದಾರಿ ಅನ್ನುವ ಮಾತೇ ಹಾಗೆ, ಹೊರುವ ಮೊದಲು ಬಲು ಹಗುರ.

ಮರುದಿನ ದುರ್ಗಾಳನ್ನು ಲ್ಯಾಬಿಗೆ ಕರೆದು ಕೇಳಿದರು. ಹುಡುಗಿ ಕೈಕಟ್ಟಿ ನಿಂತು, ನೆಲ ನೋಡಿಕೊಂಡು ಹೇಳಿದಳು: "ದೀಪ ಆರಿಸಿದ ಕೂಡಲೇ ಪಾಠೆಲ್ಲಾ ತಲ್ಯಾಗ ಗಿರಿಗಿರಿ ತಿರುಗಾಕ ಹತ್ತತಾವ್ರಿ ಸಾರ್. ಯಾವುದು ಬಿಟ್ಟೆ, ಯಾವುದು ಮರತೆ ಅಂತ. ಕೋಳಿ ಕೂಗೋ ಹೊತ್ತಿಗೆ ಒಂಚೂರು ಕಣ್ಣು ಹತ್ತತಾವ, ಅಷ್ಟರಾಗ ಗಂಟಿ ಹೊಡೀತಾರ್ರಿ."

ಚಿಂತಿ ಇಲ್ಲದವಗ ಸಂತ್ಯಾಗೂ ನಿದ್ದಿ ಅಂತಾರೆ. ಚಿಂತೆ ಇದ್ದವರಿಗೆ? ಬೇರೆ ಯಾರಾದರೂ ಆಗಿದ್ದರೆ ಹುಡುಗಿಯ ಹತ್ತಿರ ನಾಲ್ಕು ದಿನ ಕೂತು, ಏನವ್ವಾ ನಿನ್ನ ಹೆದರಿಕೆ ಅಂತ ಕೇಳುತ್ತಿದ್ದರೋ ಏನೋ. ಆದರೆ ನಮ್ಮ ಹಂಪೇಶ ಮೇಷ್ಟ್ರಿಗೆ ಊರಿನಲ್ಲಿ 'ರಿಪೇರಿ ಮೇಷ್ಟ್ರು' ಅಂತ ಹೆಸರು. ಯಾರದಾದರೂ ರೇಡಿಯೋ ಕೆಟ್ಟರೆ, ಮಿಕ್ಸಿ ಸುಟ್ಟರೆ, ಸೈಕಲ್ ಡೈನಮೋ ಕೈಕೊಟ್ಟರೆ ಅವರ ಮನೆಯ ಪಡಸಾಲೆಗೆ ಬರಬೇಕು. ನಿದ್ದೆ ಕೆಟ್ಟಿದೆ ಅಂದ ಕೂಡಲೇ ಅವರ ಕೈ ಸ್ಕ್ರೂಡ್ರೈವರಿಗೆ ಹೋಯಿತು. ಅದು ಅವರ ಸ್ವಭಾವ, ಏನು ಮಾಡುವುದು.

ಎರಡು ವಾರ ಶಾಲೆ ಬಿಟ್ಟ ಮೇಲೆ ಅವರಿಗೆ ಬೇರೆ ಧ್ಯಾಸವೇ ಇರಲಿಲ್ಲ. ಗಾದಿ ಹೊಲಿಯುವ ಸಾಬರ ಅಂಗಡಿಯಲ್ಲಿ ಕೂತು ಬೂರುಗದ ಅರಳೆ ತುಂಬಿಸಿ ಒಂದು ದಿಂಬು ಹೊಲಿಸಿದರು. ಅರಳೆಯ ಜೊತೆಗೆ ತಂಪಿಗೂ ವಾಸನೆಗೂ ಅಂತ ಒಂದು ಹಿಡಿ ಲಾವಂಚದ ಬೇರು. ದಿಂಬಿನ ತಳದಲ್ಲಿ, ಅರಳೆಯ ಕೆಳಗೆ, ಎಣ್ಣೆ ಡಬ್ಬಿಯಿಂದ ಕತ್ತರಿಸಿದ ಎರಡು ತಗಡು. ತಗಡುಗಳ ನಡುವೆ ಸ್ಪಂಜಿನ ಚೂರುಗಳು. ತಲೆಯಿಟ್ಟರೆ ತಗಡು ಒಂದಕ್ಕೊಂದು ತಾಗಬೇಕು, ತಲೆಯೆತ್ತಿದರೆ ದೂರವಾಗಬೇಕು. ಅಲ್ಲಿಂದ ಎರಡು ತಂತಿ ಹೊರಗೆ ಬಂದು ಒಂದು ಬಿಸ್ಕತ್ತಿನ ಡಬ್ಬಿ ಸೇರುತ್ತಿದ್ದವು. ಡಬ್ಬಿಯಲ್ಲಿ ಒಂದು ಅಲಾರಂ ಗಡಿಯಾರ ಮತ್ತು ತಾನಾಗಿ ಆರಿಹೋಗದ ಹಳೇ ನಮೂನೆಯ ಒಂದು ಕ್ಯಾಲ್ಕ್ಯುಲೇಟರ್. ಒಂದಕ್ಕೆ ಒಂದು ಕೂಡಿಸುವಂತೆ ಅದನ್ನು ಒಮ್ಮೆ ಇಟ್ಟರೆ ಸಾಕು, ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಬಂದಾಗೆಲ್ಲ ಅಂಕಿ ಒಂದೊಂದೇ ಏರುತ್ತಿತ್ತು, ತಲೆ ದಿಂಬಿನ ಮೇಲೆ ಇದ್ದರೆ ಮಾತ್ರ. ಬೆಳಗ್ಗೆ ಐದಕ್ಕೆ, ಗಂಟೆಯ ಸದ್ದಿಗೆ ಬೆಚ್ಚಿ ಏಳದಂತೆ, ಹಾಡುವ ಗ್ರೀಟಿಂಗ್ ಕಾರ್ಡಿನಿಂದ ಕಿತ್ತ ಚಿಪ್ ಒಂದು ದಿಂಬಿನೊಳಗಿಂದ ಸಣ್ಣಗೆ ಹಾಡುತ್ತಿತ್ತು. ನಿದ್ದೆ ಬರಿಸುವ ದಿಂಬು, ನಿದ್ದೆ ಅಳೆಯುವ ದಿಂಬು, ಎಬ್ಬಿಸುವ ದಿಂಬು. ಜಾಣ ದಿಂಬು ಅಂತ ಅವರೇ ಹೆಸರಿಟ್ಟರು.

"ದಿನಾ ದೀಪ ಆರಿದ ಕೂಡಲೇ ಡಬ್ಬಿ ಸ್ವಿಚ್ ಹಾಕು. ಬೆಳಿಗ್ಗೆ ಗಂಟಿ ಹೊಡದಾಗ, ಅದನ್ನ ಆರಿಸೋ ಮೊದಲು, ಇದರಾಗ ಎಷ್ಟು ಬಂದೈತಿ ನೋಡಿ ನೋಟ್‌ಬುಕ್ಕಿನ್ಯಾಗ ಬರೀಬೇಕು. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿಲ್ಲ. ತಿಳೀತಿಲ್ಲೋ?" ಅಂದರು.

"ತಿಳೀತ್ರಿ ಸಾರ್," ಅಂದಳು ದುರ್ಗಾ. ಶಾಲೆಯ ಹಿಂದಿನ ಹಾಸ್ಟೆಲಿನಲ್ಲಿ ಇಪ್ಪತ್ತಮೂರು ಹುಡುಗಿಯರು ಚಾಪೆ ಹಾಸಿ, ಪುಸ್ತಕದ ಚೀಲವನ್ನೇ ತಲೆಗಿಟ್ಟುಕೊಂಡು ಮಲಗುತ್ತಿದ್ದರು. ಅವರ ನಡುವೆ ಒಬ್ಬಳಿಗೆ ಮಾತ್ರ ಬೂರುಗದ ದಿಂಬು, ಅದಕ್ಕೆ ಎರಡು ತಂತಿ, ತಂತಿಗೆ ಒಂದು ಡಬ್ಬಿ.

ಮೊದಲ ವಾರ ನೂರಾ ಮೂವತ್ತು, ನೂರಾ ಅರವತ್ತೈದು, ನೂರಾ ನಲವತ್ತೆಂಟು ಹೀಗೆ ಬಂತು. ಮೇಷ್ಟ್ರು ಅರಳೆ ತೆಗೆದರು, ಹಾಕಿದರು. ಹುಡುಗಿ ಹಕ್ಕಿಯಷ್ಟು ಹಗುರ ಇದ್ದಾಳೆ, ಆಕೆಯ ತಲೆಯ ಭಾರ ತಗಡಿಗೆ ಸಾಲುತ್ತಿಲ್ಲವೇನೋ ಅಂದುಕೊಂಡು ಸ್ಪಂಜನ್ನು ತೆಳ್ಳಗೆ ಮಾಡಿದರು. ಬೆರಳಿಟ್ಟರೂ ತಗಡು ತಾಗುವಷ್ಟು ನಾಜೂಕಾಯಿತು. ಎರಡನೇ ವಾರ ಇನ್ನೂರರ ಆಸುಪಾಸಿಗೆ ಬಂತು. ಮೂರನೇ ವಾರದ ಸೋಮವಾರ ದುರ್ಗಾ ತಂದ ನೋಟ್‌ಬುಕ್ಕಿನಲ್ಲಿ ನಾನೂರ ಐವತ್ತು ಅಂತ ಇತ್ತು.

ನಾನೂರ ಐವತ್ತು! ಹಾಸ್ಟೆಲಿನ ದೀಪ ಆರುವುದು ಒಂಬತ್ತೂವರೆಗೆ, ಗಂಟೆ ಹೊಡೆಯುವುದು ಐದಕ್ಕೆ. ಏಳೂವರೆ ತಾಸು, ಅಂದರೆ ಸರಿಯಾಗಿ ನಾನೂರ ಐವತ್ತು ನಿಮಿಷ. ಮಂಗಳವಾರವೂ ನಾನೂರ ಐವತ್ತು. ಬುಧವಾರವೂ. ಅಲ್ಲಾ, ಜೀವ ಇದ್ದ ಮನುಷ್ಯರು ಒಂದೇ ಒಂದು ನಿಮಿಷ ತಲೆ ಎತ್ತದೆ, ಮಗ್ಗುಲು ಬದಲಿಸದೆ ಇಡೀ ರಾತ್ರಿ ಮಲಗುತ್ತಾರೇನು? ಬಿ.ಎಸ್ಸಿ. ಓದಿದ ಮನುಷ್ಯನಿಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಇನ್ನು ಮೇಲೆ ಆ ದಿಂಬಿಗೆ ಯಾರೂ ಕೈ ಹಚ್ಚಬಾರದು ಅಂತ ಅಪ್ಪಣೆ ಮಾಡಿ, ತಾವೂ ಹಚ್ಚದೆ, ಅದರದೇ ಇನ್ನೊಂದು ಜೋಡಿ ತಯಾರಿಸಿಕೊಂಡು ಬಳ್ಳಾರಿಯ ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಹೊರಟರು.

ಬಳ್ಳಾರಿಯಲ್ಲಿ ಜನ ಮುಗಿಬಿದ್ದರು. ಜ್ವಾಲಾಮುಖಿ, ಮಳೆನೀರ ಕೊಯ್ಲು ನೋಡಿ ನೋಡಿ ಬೇಸತ್ತಿದ್ದ ತೀರ್ಪುಗಾರರು ದಿಂಬಿನ ಮೇಲೆ ಒಬ್ಬೊಬ್ಬರಾಗಿ ತಲೆಯಿಟ್ಟು ನೋಡಿದರು. ಗೋಡೆಗೆ ಅಂಟಿಸಿದ್ದ ಗ್ರಾಫು ಮೊದಲ ಎರಡು ವಾರ ಕುಂಟುತ್ತಾ ಹೋಗಿ, ಮೂರನೇ ವಾರ ಗೋಪುರದ ಹಾಗೆ ಎದ್ದು ನಿಂತಿತ್ತು. ಮೊದಲ ಬಹುಮಾನ ಬಂತು. ಡಿಸೆಂಬರ್ ಹದಿನೈದಕ್ಕೆ ಬೆಂಗಳೂರು, ರಾಜ್ಯ ಮಟ್ಟ. ಪೇಪರಿನ ಜಿಲ್ಲಾ ಪುಟದಲ್ಲಿ ಮೇಷ್ಟ್ರ ಫೋಟೋ, ಕಂಕುಳಲ್ಲಿ ದಿಂಬು.

ತಿರುಗಿ ಬಂದ ದಿನ ಮಧ್ಯಾಹ್ನ ಹತ್ತನೇ ಕ್ಲಾಸಿನಲ್ಲಿ ಬೆಳಕಿನ ಪಾಠ. ಬೋರ್ಡಿನ ಮೇಲೆ ಮಸೂರ ಬರೆದು ಹಿಂತಿರುಗಿ ನೋಡಿದರೆ ಎರಡನೇ ಬೆಂಚಿನಲ್ಲಿ ದುರ್ಗಾಳ ತಲೆ ತೂಗುತ್ತಿತ್ತು. ಕಣ್ಣ ಕೆಳಗೆ ಕಾಡಿಗೆ ಬಳಿದಂತೆ ಕಪ್ಪು. ಮೇಷ್ಟ್ರಿಗೆ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು, ಆದರೆ ಅದು ಮರುಕವಲ್ಲ. ನಾಡಿಗೆಲ್ಲ ತೋರಿಸಿ ಬಂದ ಗ್ರಾಫಿಗೆ ಈ ಹುಡುಗಿ ಮಸಿ ಬಳಿಯುತ್ತಿದ್ದಾಳೆ ಅನ್ನುವ ಸಿಟ್ಟು.

"ಎದ್ದು ನಿಂದ್ರು. ರಾತ್ರಿ ಎಷ್ಟು ಬಂತು?"

"ನಾನೂರ ಐವತ್ರಿ ಸಾರ್."

"ಏಳೂವರಿ ತಾಸು ಮಕ್ಕೊಂಡು ಇಲ್ಲಿ ಮತ್ತ ಜೋಲಿ ಹೊಡೀತಿ?"

"ಇಲ್ರಿ ಸಾರ್. ನನಗ ನಿದ್ದಿ ಬಂದಿಲ್ರಿ. ಎದ್ದು ಕಿಟಕಿ ಕಡೆ ಕುಂತಿದ್ನೆರಿ, ಭಾಳ ಹೊತ್ತು."

"ಕುಂತಿದ್ರ ನಾನೂರ ಐವತ್ತು ಹೆಂಗ ಬರ್ತೈತಿ? ಅಕ್ಷರ ಯಾರದು, ನಿಂದಲ್ಲೇನು?"

ದುರ್ಗಾ ನೋಟ್‌ಬುಕ್ಕನ್ನೂ ಮೇಷ್ಟ್ರನ್ನೂ ನೋಡಿದಳು. "ನಂದ ರೀ. ಅದರಾಗ ಹಂಗ ಬಂದಿತ್ರಿ. ಆದ್ರ ನಾ ಕುಂತಿದ್ದು ಖರೇನ್ರಿ ಸಾರ್."

"ಕುಂತಂಗ ಕನಸು ಬಿದ್ದಿರಬೇಕು ತಗೊ," ಅಂದರು ಮೇಷ್ಟ್ರು. ಕ್ಲಾಸು ಘೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ 'ಕುಂಭಕರ್ಣನ ತಂಗಿ' ಅಂದರು. ಮೇಷ್ಟ್ರು ಅದಕ್ಕೂ ಬೈಯಲಿಲ್ಲ. "ಯಂತ್ರಕ್ಕ ಸುಳ್ಳು ಹೇಳೋ ಅಗತ್ಯ ಇಲ್ಲವ್ವಾ. ಸುಳ್ಳು ಹೇಳೋದು ಮನುಷ್ಯರು. ಕುಂದ್ರು."

ಅವತ್ತಿನಿಂದ ದುರ್ಗಾ ನಿದ್ದೆ ಬರಲಿಲ್ಲ ಅನ್ನುವುದನ್ನು ಬಿಟ್ಟಳು. ದಿನಾ ನಾನೂರ ಐವತ್ತು ಬರೆದು, ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ತನ್ನ ನೆನಪನ್ನೇ ನಂಬದವಳ ಹಾಗೆ ಆ ಅಂಕಿಯನ್ನು ಇನ್ನೊಮ್ಮೆ ನೋಡಿ ಹೋಗುತ್ತಿದ್ದಳು. ಹುಡುಗಿ ದಾರಿಗೆ ಬಂದಳು ಅಂದುಕೊಂಡರು ಮೇಷ್ಟ್ರು.

ಡಿಸೆಂಬರ್ ಮೊದಲ ವಾರದ ಕಿರು ಪರೀಕ್ಷೆಯಲ್ಲಿ ದುರ್ಗಾ ಮತ್ತೆ ಮಲಗಿದಳು. ಈ ಸಲ ವಿಜ್ಞಾನದಲ್ಲಿ. ಎರಡೇ ಪ್ರಶ್ನೆ ಬರೆದಿದ್ದಳು. ಗಂಗಾಧರಪ್ಪ ಆಕೆಯ ಅಪ್ಪನಿಗೆ ಹೇಳಿಕಳಿಸಿ, ಹಂಪೇಶ ಮೇಷ್ಟ್ರನ್ನೂ ಕೋಣೆಗೆ ಕರೆಸಿದರು. ಅಪ್ಪ ಬೊಮ್ಮಪ್ಪ ಟವೆಲ್ಲನ್ನು ಕೈಯಲ್ಲಿ ಮುದ್ದೆ ಮಾಡಿಕೊಂಡು ಬಾಗಿಲ ಬಳಿಯೇ ನಿಂತಿದ್ದ. ದುರ್ಗಾ ಅವನ ಹಿಂದೆ.

"ನೋಡಪಾ, ನಮ್ಮ ಮೇಷ್ಟ್ರು ಬ್ಯಾರೆ ಯಾರಿಗೂ ಮಾಡದಷ್ಟು ನಿನ್ನ ಮಗಳಿಗೆ ಮಾಡ್ಯಾರ. ದಿನಾ ಏಳೂವರಿ ತಾಸು ನಿದ್ದಿ ಮಾಡ್ತಾಳ ಅಂತ ಯಂತ್ರ ಹೇಳ್ತೈತಿ, ಪೇಪರಿನ್ಯಾಗೂ ಬಂದೈತಿ. ಇಷ್ಟು ಮಕ್ಕೊಂಡೂ ಪರೀಕ್ಷಿಯಾಗ ಮಕ್ಕೋತಾಳಂದ್ರ ಅದು ನಿದ್ದಿಗೇಡಲ್ಲ, ಓದೋ ಮನಸ್ಸಿಲ್ಲ ಅಂತ ಅರ್ಥ. ಈ ವರ್ಷ ಅರ್ಜಿ ಬ್ಯಾಡ. ಕರ್ಕೊಂಡು ಹೋಗು, ಮುಂದಿನ ವರ್ಷ ನೋಡೋಣು." ಹೆಡ್‌ಮಾಸ್ಟರು ಹಂಪೇಶ ಮೇಷ್ಟ್ರ ಕಡೆ ತಿರುಗಿದರು. "ಏನ್ರಿ ಮೇಷ್ಟ್ರೇ, ನಾ ಹೇಳಿದ್ದು ತಪ್ಪೇನು? ನಿಮ್ಮ ದಿಂಬು ಖರೇನೋ, ಆಕಿ ಖರೇನೋ?"

ಬೊಮ್ಮಪ್ಪನೂ ಅವರನ್ನೇ ನೋಡಿದ. ದುರ್ಗಾ ಮಾತ್ರ ನೋಡಲಿಲ್ಲ. ಬೆಂಗಳೂರಿಗೆ ಐದೇ ದಿನ ಉಳಿದಿತ್ತು. ಮೇಷ್ಟ್ರ ಬಾಯಿಂದ 'ದಿಂಬು ಖರೆ' ಅನ್ನುವ ಮಾತು ಬರಲಿಲ್ಲ ನಿಜ. ಆದರೆ ಸುಮ್ಮನೆ ನಿಂತಿದ್ದೂ ಅದೇ ಮಾತೇ ಆಯಿತಲ್ಲ. ಅದೇ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಅಪ್ಪ ಮಗಳು ಟ್ರಂಕು ಹೊತ್ತುಕೊಂಡು ಇಟ್ಟಿಗಿಗೆ ಹೋದರು.

ಆಮೇಲೆ ಮೇಷ್ಟ್ರಿಗೆ ಊಟ ಸೇರಲಿಲ್ಲ. ಹೆಣ್ಣುಮಕ್ಕಳು ಹೋದವರು ತಿರುಗಿ ಬರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿದ್ದ ಮಾತೇ. ಬೆಂಗಳೂರು ಮುಗಿಯಲಿ, ಆಮೇಲೆ ಏನಾದರೂ ಮಾಡೋಣ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹದಿನಾಲ್ಕು ದಾಟಿದ ಮೇಲೆ ಮಾಡುವುದಕ್ಕೆ ಏನು ಉಳಿದಿರುತ್ತದೆ ಅಂತ ತಮ್ಮನ್ನು ತಾವು ಕೇಳಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಗುರುವಾರ, ಹದಿಮೂರನೇ ತಾರೀಖು ಬೆಳಗ್ಗೆ, ನಾನೂರ ಐವತ್ತು ಎಣಿಸಿದ ಮೂಲ ದಿಂಬನ್ನೇ ಬೆಂಗಳೂರಿಗೆ ಒಯ್ಯೋಣವೆಂದು ಹಾಸ್ಟೆಲಿನಿಂದ ಲ್ಯಾಬಿಗೆ ತರಿಸಿದರು. ಡಬ್ಬಿಯ ಧೂಳು ಒರೆಸುತ್ತಿದ್ದಾಗ ಬಾಗಿಲಲ್ಲಿ ಹಾಸ್ಟೆಲಿನ ಅಡಿಗೆಯಾಕೆ ಜಂಬಮ್ಮ ನಿಂತಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬರಲೋ ಬೇಡವೋ ಅನ್ನುತ್ತಿದ್ದಳು.

"ಏನು ಜಂಬಮ್ಮಾ?"

"ಏನಿಲ್ರಿ ಸಾರ್. ಆ ದಿಂಬಿನ್ಯಾಗ ನಮ್ಮವ್ವನ ಅಡಕತ್ತರಿ ಐತ್ರಿ. ಹೆಂಗೂ ಹುಡುಗಿ ಹೋತು. ನೀವು ಬೆಂಗಳೂರಿಗೆ ಒಯ್ತೀರಂತಲ್ರಿ, ಅದಕ್ಕ ಕೊಟ್ಟುಬಿಟ್ರ ಅಡಿಕಿ ಕತ್ತರಿಸಾಕ ಅನುಕೂಲ ಆಕ್ಕೈತಿ."

ಮೇಷ್ಟ್ರಿಗೆ ತಕ್ಷಣ ತಲೆಗೆ ಹೋಗಲಿಲ್ಲ. "ಅಡಕತ್ತರಿ? ಇದರಾಗ?"

"ಹೂಂ ರೀ. ಆ ಕೂಸು ಮಕ್ಕೊಂಡಲ್ಲೇ ಬೆಚ್ಚಿ ಬೀಳ್ತಿತ್ರಿ. ತಲಿದಿಂಬಿಗೆ ಕಬ್ಬಿಣ ಇದ್ರ ಹೆದರಿಕಿ ಹತ್ರ ಬರಂಗಿಲ್ಲ, ಬಾಣಂತಿಗೂ ಕೂಸಿಗೂ ಇಡಂಗಿಲ್ಲೇನ್ರಿ? ಬುಡಕ ಇಟ್ರ ಕಸ ಹೊಡಿಯಾಗ ಯಾರರ ಎತ್ತಿಡ್ತಾರ ಅಂತ, ಹೊಲಿಗಿ ಬಿಚ್ಚಿ ಒಳಗ ತಗಡಿನ ಮ್ಯಾಲೆ ಚಂದಗ ಕುಂದ್ರಿಸಿ ಮತ್ತ ಹೊಲ್ದೆ. ಆಕಿಗೂ ಹೇಳಲಿಲ್ಲ, ಹೇಳಿದ್ರ ಕಬ್ಬಿಣದ ಗುಣ ಹೋಗ್ತೈತಿ. ತಪ್ಪಾತೇನ್ರಿ?"

"ಯಾವಾಗ?"

"ಕಾರ್ತೀಕದಾಗ್ರಿ. ಒಂದು ಆಯ್ತವಾರ."

ಮೇಷ್ಟ್ರು ಬ್ಲೇಡು ತಂದು ಹೊಲಿಗೆ ಬಿಚ್ಚಿದರು. ಅರಳೆಯ ಕೆಳಗೆ, ತೆಳ್ಳನೆಯ ತಗಡಿನ ಮೇಲೆ, ಕಾಲು ಕಿಲೋ ತೂಕದ ಕಬ್ಬಿಣದ ಅಡಕತ್ತರಿ ಬಾಯಿ ಮುಚ್ಚಿಕೊಂಡು ಮಲಗಿತ್ತು. ಅದನ್ನು ಕದಲಿಸದೆ, ಡಬ್ಬಿಯ ಸ್ವಿಚ್ ಹಾಕಿ, ಗಡಿಯಾರ ನೋಡುತ್ತಾ ಕುಳಿತರು. ದಿಂಬಿನ ಮೇಲೆ ಯಾರ ತಲೆಯೂ ಇರಲಿಲ್ಲ. ಕ್ಯಾಲ್ಕ್ಯುಲೇಟರಿನಲ್ಲಿ ಎರಡು ಆಯಿತು. ಮೂರಾಯಿತು. ನಾಲ್ಕು. ಜಂಬಮ್ಮ ಏನೂ ತಿಳಿಯದೆ ಒಮ್ಮೆ ಅದನ್ನು, ಒಮ್ಮೆ ಮೇಷ್ಟ್ರ ಮುಖವನ್ನು ನೋಡುತ್ತಿದ್ದಳು. ಒಂಬತ್ತು ಆಗುವವರೆಗೂ ನೋಡಿ, ಮೇಷ್ಟ್ರು ಅಡಕತ್ತರಿಯನ್ನು ಎತ್ತಿ ಆಕೆಯ ಕೈಗಿಟ್ಟರು. ಅಂಕಿ ಒಂಬತ್ತಕ್ಕೇ ನಿಂತಿತು.

"ನೀ ಏನೂ ತಪ್ಪು ಮಾಡಿಲ್ಲ, ಹೋಗು," ಅಂದರು. ಕಿಟಕಿಯ ಕಡೆ ಕುಂತಿದ್ನೆರಿ ಅಂದಿತ್ತು ಹುಡುಗಿ. ಖರೇನ್ರಿ ಅಂದಿತ್ತು. ಒಂದಲ್ಲ, ಎರಡು ಸಲ.

ಗಂಗಾಧರಪ್ಪ ಎಲ್ಲವನ್ನೂ ಕೇಳಿ ಮೊದಲು ನಕ್ಕರು. "ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲಂತ. ನಿಮ್ಮದು ಅಡಕತ್ತರಿಗೆ ಹೋತಲ್ರಿ!" ಆಮೇಲೆ ನಗು ನಿಲ್ಲಿಸಿ, ದನಿ ಇಳಿಸಿದರು. "ನೋಡ್ರಿ, ಇದು ನಿಮಗೂ ನನಗೂ ಗೊತ್ತು, ಆ ಅಡಿಗಿಯಾಕಿಗೆ ಏನೂ ತಿಳಿದಿಲ್ಲ. ನಾಡದು ಬೆಂಗಳೂರು. ಶಾಲೆಯ ಹೆಸರೂ ಅದರಾಗ ಐತಿ. ಸುಮ್ನ ಹೋಗಿ ಬರ್ರಿ."

"ನಾಳೆ ಹದಿನಾಲ್ಕು ಸಾರ್. ಆಕಿ ಅರ್ಜಿ ಹೋಗಬೇಕು."

"ಯಾವ ಕಾರಣದ ಮ್ಯಾಲೆ ಕಳಿಸ್ಲಿ? ಆಕಿನ್ನ ಮನಿಗೆ ಕಳಿಸಿದ್ದೇ ನಿಮ್ಮ ದಿಂಬಿನ ಮಾತಿನ ಮ್ಯಾಲೆ."

"ಆ ಮಾತು ಸುಳ್ಳು ಅಂತ ಹೇಳ್ತೀನಲ್ರಿ."

"ಬಾಯಿ ಮಾತಲ್ಲ. ಬರದು ಕೊಡ್ರಿ. ಬಳ್ಳಾರಿಯಾಗ ತೋರಿಸಿದ ಅಂಕಿ ತಪ್ಪು, ಬಹುಮಾನ ವಾಪಸು, ಬೆಂಗಳೂರಿಗೆ ಬರಂಗಿಲ್ಲ ಅಂತ. ಸಹಿ ಮಾಡ್ರಿ. ನಾನೇನು ಕಟುಕ ಅಲ್ಲ, ಅರ್ಜಿ ತಗೋತೀನಿ. ನಾಳೆ ಹನ್ನೊಂದರೊಳಗ ಆಕಿ ಸಹಿ ಆಗಿ ನನ್ನ ಟೇಬಲ್ ಮ್ಯಾಲಿರಬೇಕು."

ಬರೆದುಕೊಡಲಾರರು ಅಂದುಕೊಂಡಿದ್ದರೋ ಏನೋ. ಹಂಪೇಶ ಮೇಷ್ಟ್ರು ಅಲ್ಲಿಯೇ ನಿಂತು, ಅವರದೇ ಪೆನ್ನಿನಲ್ಲಿ ಐದು ಸಾಲು ಬರೆದರು. ಇನ್ನು ಈ ಊರಿನಲ್ಲಿ ರೇಡಿಯೋ ತರುವವರೂ ಎರಡು ಸಲ ಯೋಚಿಸುತ್ತಾರೆ ಅನ್ನಿಸಿತು. ಅನ್ನಿಸಿದರೂ ಸಹಿ ಮಾಡಿದರು. ಖಾಲಿ ಅರ್ಜಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಹಡಗಲಿ ಕಡೆಯ ಬಸ್ಸು ಹತ್ತಿದರು.

ಇಟ್ಟಿಗಿಯಲ್ಲಿ ಇಳಿದಾಗ ಮೂರು ದಾಟಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ದ್ಯಾಮಕ್ಕ ಶೇಂಗಾ ಸುಲಿಯುತ್ತಾ ಕೂತಿದ್ದಳು. ಮೇಷ್ಟ್ರನ್ನು ಕಂಡು ಗಡಬಡಿಸಿ ಎದ್ದು, ಸೆರಗು ಹೊದ್ದು, ಕಂಬಳಿ ಹಾಸಿದಳು.

"ಅವರು ಹೊಲಕ್ಕ ಹೋಗ್ಯಾರ್ರಿ. ಹುಡುಗಿ ಒಳಗ ಮಕ್ಕೊಂಡೈತಿ. ಬಂದಾಗಿಂದ ಇದ ಆತ್ರಿ ಸಾರ್. ಉಣ್ಣಾಕ ಎಬ್ಬಿಸಿದ್ರ ಎರಡು ತುತ್ತು ಉಂತಾಳ, ಮತ್ತ ಮಕ್ಕೋತಾಳ. ಹಾಸಿಗಿ ಬ್ಯಾಡ, ದಿಂಬು ಬ್ಯಾಡ, ಬರೇ ನೆಲ." ಅವಳು ನೀರಿನ ಚೊಂಬು ಇಡುತ್ತಾ ದನಿ ತಗ್ಗಿಸಿದಳು. "ಗಾಳಿ ಸೋಕೈತಿ, ಮೈಲಾರದ ಗುಡಿಗೆ ಕರ್ಕೊಂಡು ಹೋಗ್ರಿ ಅಂತಾರ ಮಂದಿ. ನೀವು ಓದಿದೋರು. ನೀವೇನಂತೀರಿ?"

ಮೇಷ್ಟ್ರು ಚೊಂಬನ್ನು ಪಕ್ಕಕ್ಕೆ ಸರಿಸಿದರು. ಬಾಗಿಲಿನಿಂದ ಒಳಗೆ ಕಾಣುತ್ತಿತ್ತು. ನಡುಮನೆಯ ನೆಲದ ಮೇಲೆ ದುರ್ಗಾ ಮಗ್ಗುಲಾಗಿ ಮಲಗಿದ್ದಳು. ತಲೆಯ ಕೆಳಗೆ ತನ್ನದೇ ಮುಂಗೈ. ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ನಿಧಾನಕ್ಕೆ ಬಂದು ಹೋಗುತ್ತಿತ್ತು. ಎರಡು ತಿಂಗಳು ತಗಡು ಕತ್ತರಿಸಿ, ತಂತಿ ಬೆಸೆದು, ಊರೂರು ತಿರುಗಿ ತರಲು ಹೋದ ನಿದ್ದೆ ಇಲ್ಲಿ ಬರೀ ನೆಲದ ಮೇಲೆ ಬಂದಿತ್ತು.

"ಎಬ್ಬಿಸ್ಲೇನ್ರಿ?" ಅಂದಳು ದ್ಯಾಮಕ್ಕ.

"ಬ್ಯಾಡ, ಬ್ಯಾಡ. ಇರ್ಲಿ."

ಅವರು ಕಟ್ಟೆಯ ಮೇಲೆ ಕುಳಿತರು. ಸಹಿ ಬೇಕು, ಐದಕ್ಕೆ ಕೊನೆಯ ಬಸ್ಸು. ತಾನಾಗಿ ಏಳಲಿ ಅಂತ ಕಾದರು. ಸುಮ್ಮನಿರಲಾಗದೆ ದ್ಯಾಮಕ್ಕನ ಜೊತೆ ಶೇಂಗಾ ಸುಲಿದರು. ಆಕೆ ಬೇಡ ಬೇಡ ಅಂದರೂ ಕೇಳಲಿಲ್ಲ. ನಾಲ್ಕಾಯಿತು, ನಾಲ್ಕೂವರೆ ಆಯಿತು. ಹುಡುಗಿ ಒಮ್ಮೆ ಮಗ್ಗುಲು ಬದಲಿಸಿದಳು, ಏಳಲಿಲ್ಲ. ಐದಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಮೇಷ್ಟ್ರು ಎದ್ದರು. ಈ ನಿದ್ದೆ ಕೆಡಿಸಬೇಕಲ್ಲ ಶಿವನೇ ಅಂದುಕೊಂಡರು. ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಎಷ್ಟು ಮೆತ್ತಗೆ ಆಗುತ್ತದೋ ಅಷ್ಟು ಮೆತ್ತಗೆ ಕರೆದರು: "ದುರ್ಗಾ. ಯವ್ವಾ, ದುರ್ಗಾ."

ದುರ್ಗಾ ದಡಕ್ಕನೆ ಎದ್ದು ನಿಂತಳು. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ, ಕೈಗಳು ಮಾತ್ರ ಆಗಲೇ ಕಟ್ಟಿಕೊಂಡಿದ್ದವು. "ಇಲ್ರಿ ಸಾರ್, ನಾ ಮಕ್ಕೊಂಡಿರಲಿಲ್ರಿ. ಸುಮ್ನ ಕಣ್ಣು ಮುಚ್ಚಿದ್ನೆರಿ, ಅಷ್ಟ ರೀ."

ಮೇಷ್ಟ್ರಿಗೆ ಕಣ್ಣೀರು ಬಂತು, ಒರೆಸಿಕೊಳ್ಳಲೂ ಇಲ್ಲ. ತಾಯಿಯ ಎದುರಿಗೇ, ಕೂತೇ ಹೇಳಿದರು: "ಆ ದಿಂಬಿನ್ಯಾಗ ಜಂಬಮ್ಮ ಅಡಕತ್ತರಿ ಇಟ್ಟಿದ್ಲವ್ವಾ, ನಿನಗ ಹೆದರಿಕಿ ಆಗಬಾರದಂತ. ಅದರ ಭಾರಕ್ಕ ಅಂಕಿ ಏರ್ತಿತ್ತು. ನಿನ್ನ ತಲಿ ಇರ್ಲಿ ಬಿಡ್ಲಿ, ನಾನೂರ ಐವತ್ತ ಬರ್ತಿತ್ತು. ನೀ ನಿದ್ದಿ ಇಲ್ಲ ಅಂದಿದ್ದು ಖರೆ. ಎದ್ದು ಕುಂತಿದ್ದೆ ಅಂದಿದ್ದು ಖರೆ. ಸುಳ್ಳು ನನ್ನ ದಿಂಬು. ನಾನು ನಿನ್ನ ಮಾತು ನಂಬದ ಅದನ್ನ ನಂಬಿದೆ. ತಪ್ಪು ನಂದು."

ದುರ್ಗಾ ಕೈ ಕಟ್ಟಿಕೊಂಡೇ ನಿಂತಿದ್ದಳು. ಇದೂ ಒಂದು ಪರೀಕ್ಷೆಯೇನೋ ಅನ್ನುವ ಹಾಗೆ ಅವರ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಮೇಷ್ಟ್ರು ಜೇಬಿನಿಂದ ಅರ್ಜಿ ತೆಗೆದು ನೆಲದ ಮೇಲೆ ಬಿಡಿಸಿ, ಸಹಿ ಮಾಡುವ ಜಾಗದಲ್ಲಿ ಪೆನ್ನು ಇಟ್ಟರು.

ಅವಳು ಪೆನ್ನು ಮುಟ್ಟಲಿಲ್ಲ. ಕಟ್ಟಿದ್ದ ಕೈ ಬಿಟ್ಟು, ಅವರ ಎದುರು ತಾನೂ ಕೂತು, ಅವ್ವನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಹಂಗಾದ್ರ ಸಾರ್, ನನಗ ಹುಚ್ಚು ಹಿಡಿದಿರಲಿಲ್ಲ, ಹೌದಿಲ್ರಿ?"